ಉಡಾವಣೆ ಮುಗಿದ ಮೇಲಿನ ಕೆಲಸ

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ತಾರಸಿಗಳ ಮೇಲಿರುವ ಟಿ.ವಿ. ಡಿಶ್‌ಗಳನ್ನು ಒಮ್ಮೆ ಸರಿಯಾದ ದಿಕ್ಕಿಗೆ ತಿರುಗಿಸಿ ಬಿಗಿದರೆ ಆಯಿತು, ಮತ್ತೆ ಅಲುಗಿಸಬೇಕಿಲ್ಲ. ಸುಮಾರು 36 ಸಾವಿರ ಕಿ.ಮೀ. ಎತ್ತರದ ಉಪಗ್ರಹ ಸದಾ ಒಂದೇ ಕಡೆ ನಿಂತಂತೆ ಇರುವುದರಿಂದ ಇದು ಸಾಧ್ಯ. ಆದರೆ ಅದು ತಾನಾಗಿಯೇ ಹಾಗೆ ನಿಲ್ಲುವುದಿಲ್ಲ. ಸೂರ್ಯ, ಚಂದ್ರರ ಸೆಳೆತಕ್ಕೆ ಸಿಕ್ಕಿ ಜಾಗ ತಪ್ಪುತ್ತಲೇ ಇರುತ್ತದೆ. ಎಷ್ಟು ಸರಿದಿದೆ ಎಂದು ಲೆಕ್ಕ ಹಾಕಿ, ಪುಟ್ಟ ಎಂಜಿನ್‌ಗಳನ್ನು ಉರಿಸಿ, ಮತ್ತೆ ಸ್ವಸ್ಥಾನಕ್ಕೆ ತರುವ ಕೆಲಸ ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರದ್ದು (ಎಂಸಿಎಫ್). 1982ರಲ್ಲಿ ಇನ್ಸಾಟ್-1ಎ ಉಪಗ್ರಹದೊಂದಿಗೆ ಇಲ್ಲಿ ಹಗಲುರಾತ್ರಿಯ ಪಾಳಿ ಆರಂಭವಾಯಿತು. 2005ರಲ್ಲಿ ಭೋಪಾಲದ ಕೇಂದ್ರ ಜೊತೆಗೂಡಿತು.

ಇದೇ ಕೆಲಸವನ್ನು ಇನ್ನೊಂದು ಗ್ರಹದ ಸುತ್ತ ಮಾಡುವುದು ಹೇಗೆ?

ಮಂಗಳ ಗ್ರಹಕ್ಕೆ ಇಸ್ರೊ ಕಳಿಸಿದ ನೌಕೆ ಮಂಗಳಯಾನದ ಹೊಣೆ ಬೆಂಗಳೂರಿನ ಇಸ್ಟ್ರಾಕ್ ನಿಯಂತ್ರಣ ಕೇಂದ್ರದ್ದಾಗಿತ್ತು. ನೌಕೆಯೊಡನೆ ಮಾತಾಡುತ್ತಿದ್ದದ್ದು ಬೆಂಗಳೂರಿನ ಬಳಿಯ ಬ್ಯಾಲಾಳುವಿನ 32 ಮೀಟರ್ ಅಗಲದ ಆಂಟೆನಾ. ಭೂಮಿ ತಿರುಗಿ ಮಂಗಳ ಮರೆಯಾದಾಗ ನಾಸಾದ ಗೋಲ್ಡ್‌ಸ್ಟೋನ್, ಮ್ಯಾಡ್ರಿಡ್, ಕ್ಯಾನ್‌ಬೆರಾ ಕೇಂದ್ರಗಳು ನೆರವಾದವು. ಸಂಕೇತ ಹೋಗಿ ಬರುವ ಸಮಯದಿಂದ ನೌಕೆಯ ದೂರವನ್ನೂ, ಸಂಕೇತದ ಆವರ್ತನದಲ್ಲಿ ಆಗುವ ಏರಿಳಿತದಿಂದ ವೇಗವನ್ನೂ ಅಳೆಯುತ್ತಾರೆ. ಇವೆರಡನ್ನೂ ದಿನದಿನಕ್ಕೆ ಕೂಡಿಸುತ್ತ ಹೋದಾಗಲೇ ಕಕ್ಷೆಯ ಖಚಿತ ಚಿತ್ರ ದೊರೆಯುವುದು.

ದೊಡ್ಡ ತೊಡಕು ದೂರದ್ದು. ಹಾಸನದಿಂದ ಹೊರಟ ಆಜ್ಞೆ ಉಪಗ್ರಹವನ್ನು ಸೆಕೆಂಡಿನ ಎಂಟನೇ ಒಂದು ಭಾಗದಲ್ಲಿ ಮುಟ್ಟುತ್ತದೆ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳಕ್ಕೆ ತಲುಪಲು ಸುಮಾರು ಹನ್ನೆರಡೂವರೆ ನಿಮಿಷ ಬೇಕಿತ್ತು. ಮಂಗಳದ ಕಕ್ಷೆ ಸೇರಲು ನೌಕೆ ಅಂದು ಸುಮಾರು 24 ನಿಮಿಷ ಎಂಜಿನ್ ಉರಿಸಿ ವೇಗ ತಗ್ಗಿಸಬೇಕಿತ್ತು. ಎಂಜಿನ್ ಹೊತ್ತಿಕೊಂಡ ಸುದ್ದಿ ಇಲ್ಲಿಗೆ ಬಂದು, ಇಲ್ಲಿಂದ ಮರುಮಾತು ಅಲ್ಲಿಗೆ ಹೋಗುವಷ್ಟರಲ್ಲಿ ಆ ಕೆಲಸವೇ ಮುಗಿದಿರುತ್ತಿತ್ತು! ಹಾಗಾಗಿ ಆಜ್ಞೆಗಳನ್ನೆಲ್ಲ ಹಲವು ದಿನ ಮೊದಲೇ ನೌಕೆಯ ಕಂಪ್ಯೂಟರ್‌ಗೆ ತುಂಬಿಡಲಾಗಿತ್ತು.

ಆ 440 ನ್ಯೂಟನ್ ಎಂಜಿನ್ ಹಾಸನದವರಿಗೆ ಹೊಸದಲ್ಲ. ಸಂಪರ್ಕ ಉಪಗ್ರಹಗಳನ್ನು ಅಂತಿಮ ಕಕ್ಷೆಗೆ ಏರಿಸಲು ಎಂಸಿಎಫ್‌ನಿಂದ ಉರಿಸುವುದೂ ಇದೇ ಬಗೆಯ ಎಂಜಿನ್ನನ್ನೇ. ಆದರೆ ಅಲ್ಲಿ ಉಡಾವಣೆಯಾದ ಕೆಲವೇ ದಿನಗಳಲ್ಲಿ ಅದರ ಕೆಲಸ ಮುಗಿಯುತ್ತದೆ. ಮಂಗಳಯಾನದಲ್ಲಿ ಸುಮಾರು 300 ದಿನ ಸುಮ್ಮನಿದ್ದು ಮತ್ತೆ ಹೊತ್ತಬೇಕಿತ್ತು. ಕಕ್ಷೆ ಸೇರುವ ಎರಡು ದಿನ ಮೊದಲು ಸುಮಾರು ನಾಲ್ಕು ಸೆಕೆಂಡು ಉರಿಸಿ ನೋಡಿಯೇ ತಂಡ ಮುಂದುವರಿಯಿತು.

ಕಕ್ಷೆ ಸೇರಿದ ಮೇಲೂ ಕಾವಲು ತಪ್ಪಲಿಲ್ಲ. 2015ರ ಜೂನ್‌ನಲ್ಲಿ ಮಂಗಳ ಸೂರ್ಯನ ಆಚೆಗೆ ಸರಿದು ಸುಮಾರು ಎರಡು ವಾರ ಮಾತು ನಿಂತಾಗ, ನೌಕೆ ತನ್ನನ್ನು ತಾನೇ ನೋಡಿಕೊಂಡಿತು. ಗ್ರಹದ ನೆರಳು ಇನ್ನೊಂದು ಅಪಾಯ. ನೆರಳಿನಲ್ಲಿ ಸೌರಫಲಕಕ್ಕೆ ಬಿಸಿಲಿಲ್ಲ, ಬ್ಯಾಟರಿಯೇ ಗತಿ. ಆ ಬ್ಯಾಟರಿ ತಾಳುತ್ತಿದ್ದದ್ದು 1 ಗಂಟೆ 40 ನಿಮಿಷ ಮಾತ್ರ. 2017ರ ಜನವರಿಯಲ್ಲಿ ಕಕ್ಷೆ ಬದಲಿಸಿ ದೀರ್ಘ ನೆರಳನ್ನು ತಪ್ಪಿಸಲಾಯಿತು. 2022ರಲ್ಲಿ ಮೇಲಿಂದ ಮೇಲೆ ಗ್ರಹಣಗಳು ಎದುರಾದವು, ಒಂದಂತೂ ಏಳೂವರೆ ಗಂಟೆಯದು. ಏಪ್ರಿಲ್‌ನಲ್ಲಿ ಸಂಪರ್ಕ ಕಡಿಯಿತು. ಆರು ತಿಂಗಳಿಗೆಂದು ಯೋಜಿಸಿದ್ದ ನೌಕೆ ಅಷ್ಟರಲ್ಲಿ ಏಳೂವರೆ ವರ್ಷ ಮಂಗಳವನ್ನು ಸುತ್ತಿತ್ತು.

ಬ್ಯಾಲಾಳುವಿನ ಆಂಟೆನಾಗಳಿಗೆ ಬಿಡುವಾಗಲಿಲ್ಲ. 2019ರಿಂದ ಚಂದ್ರನನ್ನು ಸುತ್ತುತ್ತಿದ್ದ ಚಂದ್ರಯಾನ-2ರ ಆರ್ಬಿಟರ್, 2023ರಲ್ಲಿ ಚಂದ್ರಯಾನ-3ರ ಲ್ಯಾಂಡರ್ ಜೊತೆ ಸಂಪರ್ಕ ಸಾಧಿಸಿತು. ನಾಲ್ಕು ವರ್ಷ ಹಳೆಯ ನೌಕೆ ಹೊಸ ಯಾನಕ್ಕೆ ಒದಗಿದ್ದು ಈ ದಿನನಿತ್ಯದ ಪಾಳಿ ಕೆಲಸದಿಂದಲೇ.