ದಾರಿ ಹೇಳುವ ಯಂತ್ರಕ್ಕೆ ತಿಳಿದಿರುವುದೇನು?

ಹಿಂದೆ ಅರಿಯದ ಸೀಮೆಗೆ ಪ್ರಯಾಣ ಹೊರಟವರು ಊರ ಮುಂದಿನ ಅರಳೀಕಟ್ಟೆಯ ಬಳಿ ಗಾಡಿ ನಿಲ್ಲಿಸಿ, "ಯಜಮಾನರೇ, ಮಿಡಿಗೇಶಿಗೆ ಯಾವ ಕಡೆ ಹೋಗಬೇಕು?" ಎಂದು ಕೇಳುತ್ತಿದ್ದರು. ಕಟ್ಟೆಯ ಮೇಲೆ ಕುಳಿತ ಹಿರಿಯರು ದಾರಿಯನ್ನಷ್ಟೇ ಹೇಳಿ ಸುಮ್ಮನಾಗುತ್ತಿರಲಿಲ್ಲ. "ಕೆರೆ ಕೋಡಿ ಬಿದ್ದಿದೆ, ಏರಿ ದಾರಿ ಬೇಡ, ಸುತ್ತಾದರೂ ಮೇಲಿನ ರಸ್ತೆಯಲ್ಲೇ ಹೋಗಿ" ಎಂದು ಎಚ್ಚರಿಕೆಯನ್ನೂ ಹೇಳಿ ಕಳುಹಿಸುತ್ತಿದ್ದರು. ಇಂದು ಆ ಹಿರಿಯರ ಸ್ಥಾನದಲ್ಲಿ ಅಂಗೈಯಗಲದ ಒಂದು ಫೋನು ಕುಳಿತಿದೆ. ಅದು ದಾರಿಯನ್ನು ಹೇಳುತ್ತದೆ. ಕೋಡಿಯ ಮಾತನ್ನು ಹೇಳುವುದಿಲ್ಲ. ಹಾಗಾದರೆ ಅದಕ್ಕೆ ನಿಜವಾಗಿ ಗೊತ್ತಿರುವುದೇನು, ಗೊತ್ತಿಲ್ಲದಿರುವುದೇನು ಎಂಬುದನ್ನು ವಿಚಾರಮಾಡಿ ನೋಡುವುದು ಉಚಿತವಾಗಿದೆ.

ತುಮಕೂರಿನ ಒಂದು ಕುಟುಂಬವು ಭಾನುವಾರ ಬೆಳಗ್ಗೆ ಮೋಟಾರಿನಲ್ಲಿ ಹೊರಟಿತೆಂದು ಭಾವಿಸೋಣ. ಮೊದಲು ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯ ಲಕ್ಷ್ಮೀ ದೇವಾಲಯ, ಅಲ್ಲಿಂದ ಮಧುಗಿರಿಯ ಏಕಶಿಲಾ ಬೆಟ್ಟ, ಆಮೇಲೆ ಪಾವಗಡದ ಶನಿಮಹಾತ್ಮನ ಗುಡಿ, ಮರಳುವಾಗ ಶಿರಾದಿಂದ ಹೆದ್ದಾರಿ. ತಂದೆಗೆ ಗೊರವನಹಳ್ಳಿಯಿಂದಾಚೆಗಿನ ದಾರಿ ತಿಳಿಯದು. ಫೋನಿನ ಮೇಲೆ ನೀಲಿ ಚುಕ್ಕೆಯೊಂದು ಅವರ ಜೊತೆಯಲ್ಲೇ ಸಾಗುತ್ತಿದೆ. ಜಿ.ಪಿ.ಎಸ್. ಎಂದು ನಾವು ಕರೆಯುವ ವ್ಯವಸ್ಥೆಯ ಕೆಲಸವು ಆ ನೀಲಿ ಚುಕ್ಕೆಯೊಂದಿಗೆ ಮುಗಿಯಿತು ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ರಸ್ತೆಯಾಗಲಿ, ಊರಿನ ಹೆಸರಾಗಲಿ, "ಬಲಕ್ಕೆ ತಿರುಗಿ" ಎಂಬ ಅಪ್ಪಣೆಯಾಗಲಿ ಉಪಗ್ರಹದಿಂದ ಬರುವುದಿಲ್ಲ.

ಉಪಗ್ರಹಗಳ ನೆರವಿನಿಂದ ದೊರೆಯುವುದು ಅಕ್ಷಾಂಶ, ರೇಖಾಂಶ, ಎತ್ತರ ಮತ್ತು ವೇಳೆ ಮಾತ್ರ. ಮಧುಗಿರಿಯು ಸುಮಾರು 13.66 ಡಿಗ್ರಿ ಉತ್ತರ ಅಕ್ಷಾಂಶ, 77.21 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಕೊರಟಗೆರೆಯು 13.52 ಮತ್ತು 77.24, ಶಿರಾ 13.74 ಮತ್ತು 76.90, ಪಾವಗಡ 14.10 ಮತ್ತು 77.28. ನಮ್ಮ ಸೀಮೆಯಲ್ಲಿ ಅಕ್ಷಾಂಶದ ಒಂದು ಡಿಗ್ರಿಯೆಂದರೆ ಹತ್ತಿರ ಹತ್ತಿರ 111 ಕಿಲೋಮೀಟರು, ರೇಖಾಂಶದ ಒಂದು ಡಿಗ್ರಿಯೆಂದರೆ 108 ಕಿಲೋಮೀಟರು. ಇಷ್ಟು ತಿಳಿದರೆ ಪೈಥಾಗೊರಸನ ಪ್ರಮೇಯವನ್ನು ಕಲಿತ ಯಾವ ವಿದ್ಯಾರ್ಥಿಯಾದರೂ ಮಧುಗಿರಿಯಿಂದ ಕೊರಟಗೆರೆಗೆ ನೇರ ದೂರ ಸುಮಾರು 16, ಶಿರಾಕ್ಕೆ 35, ಪಾವಗಡಕ್ಕೆ 49 ಕಿಲೋಮೀಟರು ಎಂದು ಕಾಗದದ ಮೇಲೆ ಕಂಡುಕೊಳ್ಳಬಹುದು. ಇದು ಹದ್ದು ಹಾರುವ ದೂರ. ಮೋಟಾರು ಹದ್ದಲ್ಲವಾದ್ದರಿಂದ ರಸ್ತೆಯ ದೂರ ಇದಕ್ಕಿಂತ ಹೆಚ್ಚು.

ಇನ್ನು ಈ ಸಂಖ್ಯೆಗಳನ್ನು ಫೋನು ಹೇಗೆ ಪಡೆಯುತ್ತದೆ? 1804ರಲ್ಲಿ ವಿಲಿಯಂ ಲ್ಯಾಂಬ್ಟನನು ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಸರಪಳಿಯಿಂದ ಅಳೆದು, ಅರ್ಧ ಟನ್ ತೂಕದ ಕೋನಮಾಪಕವನ್ನು ಬೆಟ್ಟದಿಂದ ಬೆಟ್ಟಕ್ಕೆ ಹೊರಿಸಿಕೊಂಡು ಹೋಗಿ, ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತ ದಕ್ಷಿಣ ದೇಶವನ್ನು ಅಳೆದನು. ಅವನು ಅಳೆಯುತ್ತಿದ್ದುದು ಕೋನಗಳನ್ನು. ಫೋನು ಕೋನವನ್ನು ಅಳೆಯುವುದಿಲ್ಲ, ದೂರವನ್ನು ಅಳೆಯುತ್ತದೆ. ಅದರ ಬೆಟ್ಟದ ತುದಿಗಳು ಆಕಾಶದಲ್ಲಿ ಚಲಿಸುತ್ತಿವೆ. ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ, ಆರು ಕಕ್ಷಾತಲಗಳಲ್ಲಿ, ದಿನಕ್ಕೆ ಎರಡು ಬಾರಿ ಭೂಮಿಯನ್ನು ಸುತ್ತುತ್ತವೆ. ಪ್ರತಿಯೊಂದರಲ್ಲಿಯೂ ಪರಮಾಣು ಗಡಿಯಾರಗಳಿವೆ. ಪ್ರತಿಯೊಂದೂ "ಈಗ ವೇಳೆ ಇಷ್ಟು, ನಾನಿರುವ ಸ್ಥಾನ ಇಂಥದು" ಎಂದು ರೇಡಿಯೋ ಅಲೆಗಳಲ್ಲಿ ಎಡೆಬಿಡದೆ ಸಾರುತ್ತಿರುತ್ತದೆ. ಫೋನು ಕೇಳುವುದೇ ಹೊರತು ಉಪಗ್ರಹಕ್ಕೆ ಮಾರುತ್ತರ ಕೊಡುವುದಿಲ್ಲ. ಮೇಲಿನಿಂದ ಉಪಗ್ರಹವು ನಮ್ಮನ್ನು ನೋಡುತ್ತಿದೆ ಎಂಬ ನಂಬಿಕೆಗೆ ಆಧಾರವಿಲ್ಲ.

ಉಪಗ್ರಹ ನೆತ್ತಿಯ ಮೇಲೆಯೇ ಇದ್ದರೂ ಅಲೆಯು ಭೂಮಿಗೆ ಬರಲು ಸೆಕೆಂಡಿನ ನೂರರಲ್ಲಿ ಏಳು ಭಾಗದಷ್ಟು ಕಾಲ ಬೇಕು. ಹೊರಟ ವೇಳೆಗೂ ಸೇರಿದ ವೇಳೆಗೂ ಇರುವ ಅಂತರವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ಸಿಕ್ಕಿತು. ಒಂದು ಉಪಗ್ರಹದಿಂದ ದೂರ ತಿಳಿದರೆ ನಾವು ಒಂದು ದೊಡ್ಡ ಗೋಳದ ಮೈಮೇಲೆ ಎಲ್ಲಿಯೋ ಇದ್ದೇವೆ ಎಂದಾಗುತ್ತದೆ. ಎರಡರಿಂದ ತಿಳಿದರೆ ಒಂದು ವೃತ್ತದ ಮೇಲೆ. ಮೂರರಿಂದ ತಿಳಿದರೆ ಎರಡು ಬಿಂದುಗಳಲ್ಲಿ ಒಂದರಲ್ಲಿ. ಆ ಎರಡರಲ್ಲೊಂದು ಸಾಮಾನ್ಯವಾಗಿ ಭೂಮಿಯಿಂದ ಬಹು ದೂರ ಬೀಳುವುದರಿಂದ ಅದನ್ನು ಬಿಟ್ಟುಬಿಡಬಹುದು. ಮೂರೇ ಸಾಕಾಗಬೇಕಿತ್ತಲ್ಲವೇ? ಸಾಲದು. ಫೋನಿನೊಳಗಿರುವುದು ಅಗ್ಗದ ಸ್ಫಟಿಕದ ಗಡಿಯಾರ. ಅದು ಸೆಕೆಂಡಿನ ಸಾವಿರದಲ್ಲೊಂದು ಭಾಗ ತಪ್ಪಿದರೂ ದೂರದಲ್ಲಿ 300 ಕಿಲೋಮೀಟರಿನ ತಪ್ಪು. ಮಧುಗಿರಿಯಿಂದ ಅಷ್ಟು ಪೂರ್ವಕ್ಕೆ ಹೋದರೆ ಬಂಗಾಳ ಕೊಲ್ಲಿಯ ಸಮೀಪ ಮುಟ್ಟುತ್ತೇವೆ! ಈ ತಪ್ಪು ಎಲ್ಲ ಉಪಗ್ರಹಗಳ ಲೆಕ್ಕದಲ್ಲಿಯೂ ಒಂದೇ ಆಗಿರುವುದರಿಂದ ಅದನ್ನು ನಾಲ್ಕನೆಯ ಅಜ್ಞಾತ ಸಂಖ್ಯೆಯೆಂದು ಹಿಡಿದು, ನಾಲ್ಕನೆಯ ಉಪಗ್ರಹದ ಸಮೀಕರಣದಿಂದ ಬಿಡಿಸುತ್ತಾರೆ. ನಾಲ್ಕು ಅಜ್ಞಾತಗಳಿಗೆ ನಾಲ್ಕು ಸಮೀಕರಣಗಳು: ಬೀಜಗಣಿತದ ತರಗತಿಯ ವಿಷಯವೇ.

ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವೂ ಇಲ್ಲಿ ಕೈಹಾಕುತ್ತದೆ. ಗುರುತ್ವ ಕಡಿಮೆಯಿರುವ ಎತ್ತರದಲ್ಲಿ ಗಡಿಯಾರ ಬೇಗ ನಡೆಯುತ್ತದೆ, ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗುತ್ತದೆ. ಎರಡೂ ಕೂಡಿ ಉಪಗ್ರಹದ ಗಡಿಯಾರವು ದಿನಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲಿ 38 ಭಾಗದಷ್ಟು ಮುಂದೆ ಓಡುತ್ತದೆ. ಇದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ದೂರದ ಅಳತೆ 11 ಕಿಲೋಮೀಟರಿನಷ್ಟು ಕೆಡುತ್ತಿತ್ತು. ಗಡಿಯಾರದ ಮಹತ್ವವನ್ನು ನಮ್ಮ ದೇಶವೂ ಕಷ್ಟಪಟ್ಟು ಕಲಿತಿದೆ. ಭಾರತದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರಲ್ಲಿ ಮೇಲೇರಿತು. ಅದರ ಕಾರ್ಯಕ್ಕೆ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಕೇಂದ್ರವೊಂದು ಸ್ಥಾಪಿತವಾಯಿತು. ಕೆಲವೇ ವರ್ಷಗಳಲ್ಲಿ ಆ ಉಪಗ್ರಹದ ಮೂರು ಗಡಿಯಾರಗಳೂ ಕೆಟ್ಟವು. ಉಳಿದ ಭಾಗವೆಲ್ಲ ಚೆನ್ನಾಗಿದ್ದರೂ ಸ್ಥಾನನಿರ್ಣಯಕ್ಕೆ ಅದು ನಿರುಪಯುಕ್ತವಾಯಿತು. 2023ರ ಮೇ ತಿಂಗಳಲ್ಲಿ ಹಾರಿದ ಎನ್.ವಿ.ಎಸ್.-01 ಉಪಗ್ರಹದಲ್ಲಿ ಸ್ವದೇಶದಲ್ಲಿಯೇ ತಯಾರಾದ ರುಬಿಡಿಯಂ ಗಡಿಯಾರವನ್ನು ಇರಿಸಲಾಯಿತು.

ತೆರೆದ ಬಯಲಿನಲ್ಲಿ ಸಾಮಾನ್ಯ ಫೋನು ತನ್ನ ಸ್ಥಾನವನ್ನು ಸುಮಾರು 5 ಮೀಟರಿನೊಳಗೆ ಹೇಳಬಲ್ಲದು. ಶಿರಾದ ಬಯಲು ಇದಕ್ಕೆ ಹೇಳಿಮಾಡಿಸಿದ ಜಾಗ. ಆದರೆ ನಮ್ಮ ಕುಟುಂಬವು ಮಧುಗಿರಿಯ ಬೆಟ್ಟದ ಬುಡಕ್ಕೆ ಬಂದಾಗ ನೀಲಿ ಚುಕ್ಕೆ ಇದ್ದಕ್ಕಿದ್ದಂತೆ ಪಕ್ಕದ ಬೀದಿಗೆ ಹಾರಿದರೆ ಗಾಬರಿಪಡಬೇಕಾಗಿಲ್ಲ. ಆ ಮಹಾಶಿಲೆಯು ಆಕಾಶದ ಒಂದು ಮಗ್ಗುಲನ್ನೇ ಮುಚ್ಚಿಬಿಡುತ್ತದೆ. ಆ ಕಡೆಯ ಉಪಗ್ರಹಗಳು ಕಾಣದಾಗುತ್ತವೆ. ಕೆಲವು ಅಲೆಗಳು ಬಂಡೆಗೆ ಬಡಿದು ಮರಳಿ ಬರುತ್ತವೆ. ಸುತ್ತಿ ಬಂದ ಅಲೆಗೆ ಹೆಚ್ಚು ಕಾಲ ಹಿಡಿಯುವುದರಿಂದ ಫೋನು ದೂರವನ್ನು ಹೆಚ್ಚಾಗಿ ಎಣಿಸುತ್ತದೆ. ಬೆಟ್ಟದ ಮುಂದೆ ನಿಂತು ಕೂಗಿದರೆ ಪ್ರತಿಧ್ವನಿ ತಡವಾಗಿ ಬರುವುದಿಲ್ಲವೇ, ಹಾಗೆಯೇ ಇದೂ.

ಮಧುಗಿರಿಯಿಂದ ಪಾವಗಡಕ್ಕೆ ಹೋಗುವಾಗ ಇನ್ನೊಂದು ಸ್ವಾರಸ್ಯವುಂಟು. ಎರಡೂ ತುಮಕೂರು ಜಿಲ್ಲೆಯ ತಾಲ್ಲೂಕುಗಳೇ. ಆದರೂ ನಡುವೆ ಆಂಧ್ರಪ್ರದೇಶದ ಮಡಕಶಿರಾ ಸೀಮೆ ಚಾಚಿಕೊಂಡಿದೆ. ಮಡಕಶಿರಾ ಹಿಂದೆ ಮದರಾಸು ಪ್ರಾಂತದ ಅನಂತಪುರ ಜಿಲ್ಲೆಗೂ ಪಾವಗಡ ಮೈಸೂರು ಸಂಸ್ಥಾನಕ್ಕೂ ಸೇರಿದ್ದುದರ ಫಲವಿದು. 2022ರಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಉಪಗ್ರಹಕ್ಕೆ ಈ ಗಡಿಯ ಗೊಡವೆಯಿಲ್ಲ. ಗಡಿಯ ಗೊಡವೆ ಇರುವುದು ಫೋನಿನ ಕಂಬಕ್ಕೆ. ಜನವಿರಳವಾದ ಗುಡ್ಡಗಳ ನಡುವೆ ಒಂದು ಕಂಬದ ವ್ಯಾಪ್ತಿ ಮುಗಿದು ಇನ್ನೊಂದು ಸಿಗದಿರುವುದುಂಟು. ಆಗ ನೀಲಿ ಚುಕ್ಕೆ ಸರಿಯಾದ ಸ್ಥಾನದಲ್ಲಿಯೇ ಇರುತ್ತದೆ, ಆದರೆ ಅದರ ಕೆಳಗಿನ ನಕ್ಷೆ ಮಾಯವಾಗಿ ಬರಿಯ ಬೂದುಬಣ್ಣದ ಹಾಳೆ ಉಳಿಯುತ್ತದೆ! ಚುಕ್ಕೆ ಬರುವುದು ಆಕಾಶದಿಂದ, ನಕ್ಷೆ ಬರುವುದು ಕಂಬದಿಂದ. ಹೊರಡುವ ಮುನ್ನವೇ ಆ ಸೀಮೆಯ ನಕ್ಷೆಯನ್ನು ಫೋನಿನಲ್ಲಿ ಇಳಿಸಿಕೊಂಡವರಿಗೆ ಈ ತೊಂದರೆಯಿಲ್ಲ.

ಇನ್ನು ದಾರಿಯನ್ನು ಆರಿಸುವ ಕೆಲಸ. ಇದರ ಮೂಲಸೂತ್ರವನ್ನು ಡಚ್ ಗಣಿತಜ್ಞ ಎಡ್ಸ್‌ಗರ್ ಡೈಕ್‌ಸ್ಟ್ರ 1956ರಲ್ಲಿ ಆಮ್‌ಸ್ಟರ್‌ಡಾಮಿನ ಒಂದು ಕಾಫಿ ಅಂಗಡಿಯಲ್ಲಿ ಕುಳಿತು, ಕಾಗದ ಪೆನ್ಸಿಲುಗಳಿಲ್ಲದೆ, ಇಪ್ಪತ್ತು ನಿಮಿಷಗಳಲ್ಲಿ ರೂಪಿಸಿದರು, 1959ರಲ್ಲಿ ಪ್ರಕಟಿಸಿದರು. ನಮ್ಮ ಕುಟುಂಬವು ಪಾವಗಡದಿಂದ ತುಮಕೂರಿಗೆ ಮರಳಬೇಕಾಗಿದೆ ಎನ್ನೋಣ. ಉದಾಹರಣೆಗಾಗಿ ಮಾತ್ರ ಕೆಲವು ಸಂಖ್ಯೆಗಳನ್ನು ಕಲ್ಪಿಸಿಕೊಳ್ಳೋಣ: ಪಾವಗಡದಿಂದ ಮಧುಗಿರಿಗೆ 80 ನಿಮಿಷ, ಶಿರಾಕ್ಕೆ 85, ಮಧುಗಿರಿಯಿಂದ ಕೊರಟಗೆರೆಗೆ 30, ಅಲ್ಲಿಂದ ತುಮಕೂರಿಗೆ 40, ಶಿರಾದಿಂದ ಹೆದ್ದಾರಿಯಲ್ಲಿ ತುಮಕೂರಿಗೆ 50. ಯಂತ್ರವು ಎಲ್ಲಕ್ಕಿಂತ ಹತ್ತಿರದ ಊರನ್ನು ಮೊದಲು ನಿಶ್ಚಯಿಸುತ್ತದೆ: ಮಧುಗಿರಿ, 80. ಆಮೇಲೆ ಶಿರಾ, 85. ಮಧುಗಿರಿಯ ಮೂಲಕ ಕೊರಟಗೆರೆ, 110. ತುಮಕೂರಿಗೆ ಕೊರಟಗೆರೆಯ ಮೂಲಕ 150, ಶಿರಾದ ಮೂಲಕ 135. ಚಿಕ್ಕದನ್ನು ಉಳಿಸಿಕೊಂಡು ದೊಡ್ಡದನ್ನು ತಳ್ಳಿಹಾಕುತ್ತದೆ. ಕೆರೆಯಲ್ಲಿ ಕಲ್ಲೆಸೆದಾಗ ಅಲೆಯು ಹರಡಿ ಯಾವ ದಡವನ್ನು ಮೊದಲು ಮುಟ್ಟುವುದೋ ನೋಡಿದಂತೆ. ಲಕ್ಷಗಟ್ಟಲೆ ಕೂಡುರಸ್ತೆಗಳಿರುವ ನಕ್ಷೆಯಲ್ಲಿ ಇದೇ ತತ್ತ್ವವನ್ನು ಇನ್ನಷ್ಟು ಚುರುಕುಗೊಳಿಸಿ ಬಳಸುತ್ತಾರೆ.

ಈ ಗಣಿತದಲ್ಲಿ ದೋಷವಿಲ್ಲ. ದೋಷವಿರುವುದು ನಾವು ಅದಕ್ಕೆ ಉಣಿಸಿದ ನಿಮಿಷಗಳಲ್ಲಿ. ಹೆದ್ದಾರಿಯಲ್ಲಿ ನೂರಾರು ಫೋನುಗಳು ಸಂಚರಿಸುವುದರಿಂದ ಅಲ್ಲಿಯ ವೇಗ ಲೆಕ್ಕಕ್ಕೆ ಸಿಗುತ್ತದೆ. ದಿನಕ್ಕೆ ನಾಲ್ಕು ಗಾಡಿಗಳೂ ಓಡಾಡದ ಹಳ್ಳಿಯ ಹಾದಿಯಲ್ಲಿ ಯಂತ್ರವು ವೇಗವನ್ನು ಊಹಿಸಬೇಕು. ಬಂಡಿ ಜಾಡೊಂದನ್ನು ನಕ್ಷೆ ಮಾಡಿದವರು ಡಾಂಬರು ರಸ್ತೆಯೆಂದು ಬರೆದಿದ್ದರೆ, ಅದು ಐದು ನಿಮಿಷ ಉಳಿಸುವ ಒಳದಾರಿಯಾಗಿ ಕಾಣುತ್ತದೆ. ಬರದ ಸೀಮೆಯಲ್ಲಿ ಇದಕ್ಕಿಂತ ಅಪಾಯದ ಸಂಗತಿಯೊಂದುಂಟು. ನಮ್ಮ ಕೆರೆಗಳು ಕೆಲವೊಮ್ಮೆ ವರ್ಷಾನುಗಟ್ಟಲೆ ಒಣಗಿರುತ್ತವೆ. ಒಣಗಿದ ಅಂಗಳದ ಮೇಲೆ ಬೈಕುಗಳೂ ಟ್ರ್ಯಾಕ್ಟರುಗಳೂ ಓಡಾಡಿ ಜಾಡು ಬೀಳುತ್ತದೆ. ಆಕಾಶದಿಂದ ತೆಗೆದ ಚಿತ್ರದಲ್ಲಿ ಅದೂ ಒಂದು ರಸ್ತೆಯಂತೆಯೇ ತೋರಬಹುದು. 2022ರಂಥ ಮಳೆಗಾಲ ಬಂದು ಕೆರೆಗಳು ತುಂಬಿ ಜಯಮಂಗಲಿ ಉಕ್ಕಿ ಹರಿದಾಗ, ನಕ್ಷೆಯ ಗೆರೆ ಇದ್ದಲ್ಲೇ ಇರುತ್ತದೆ. ನೆಲದ ದಾರಿ ನೀರಿನೊಳಗಿರುತ್ತದೆ.

ಇದು ಕಲ್ಪನೆಯ ಭಯವಲ್ಲ. 2024ರ ಜೂನ್ ಕೊನೆಯಲ್ಲಿ ಕಾಸರಗೋಡು ಜಿಲ್ಲೆಯ ಕುತ್ತಿಕ್ಕೋಲ್ ಬಳಿಯ ಪಳ್ಳಂಜಿಯಲ್ಲಿ ಇಬ್ಬರು ಯುವಕರು ಬೆಳಕು ಹರಿಯುವ ಮುನ್ನ ಫೋನಿನ ನಕ್ಷೆಯನ್ನು ನಂಬಿ ಕರ್ನಾಟಕದ ಆಸ್ಪತ್ರೆಯೊಂದಕ್ಕೆ ಹೊರಟಿದ್ದರು. ದಾರಿಯಲ್ಲಿ ತಡೆಗೋಡೆಯಿಲ್ಲದ ಕಿರುಸೇತುವೆ ತುಂಬಿದ ಹೊಳೆಯಲ್ಲಿ ಮುಳುಗಿತ್ತು. ಕಾರು ಕೊಚ್ಚಿಹೋಗಿ ಮರವೊಂದಕ್ಕೆ ಸಿಕ್ಕಿಕೊಂಡಿತು. ಅವರು ಹೊರಬಂದು ಮರವನ್ನು ಹಿಡಿದು ನಿಂತರು. ಅಗ್ನಿಶಾಮಕ ದಳದವರು ಬದುಕಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಉತ್ತರಪ್ರದೇಶದ ಬರೇಲಿಯ ಬಳಿ ರಾಮಗಂಗಾ ನದಿಯ ಸೇತುವೆಯಿಂದ ಕಾರು ಬಿದ್ದು ಮೂವರು ಸತ್ತರು. ಸೇತುವೆಯ ಒಂದು ಭಾಗ ಹಿಂದಿನ ಪ್ರವಾಹದಲ್ಲಿಯೇ ಹೋಗಿತ್ತು. ನಕ್ಷೆಯಲ್ಲಿ ಮಾತ್ರ ಅದು ಇಡಿಯಾಗಿತ್ತು. ಎರಡು ಸಂದರ್ಭಗಳಲ್ಲಿಯೂ ಉಪಗ್ರಹಗಳನ್ನು ದೂರಲು ಕಾರಣವಿಲ್ಲ. ಬರೇಲಿಯ ಸೇತುವೆಯ ಬಾಯಿಗೆ ಸರಿಯಾದ ಅಡ್ಡಗಟ್ಟೆ ಇಲ್ಲದಿದ್ದುದು ಮನುಷ್ಯರ ತಪ್ಪೆಂದೇ ನಾವು ತಿಳಿಯುತ್ತೇವೆ.

ಆದ್ದರಿಂದ ಚಾಲಕನ ಪಕ್ಕದಲ್ಲಿ ಫೋನು ಹಿಡಿದು ಕುಳಿತ ವಿದ್ಯಾರ್ಥಿಗೆ ಮಾಡಲು ಕೆಲಸವಿದೆ. ಹೊಸಹಳ್ಳಿ ಎಂದು ಬರೆದರೆ ಯಾವ ಹೊಸಹಳ್ಳಿ? ನಮ್ಮ ನಾಡಿನಲ್ಲಿ ಆ ಹೆಸರಿಗೆ ಬರವಿಲ್ಲ. ತಾಲ್ಲೂಕಿನ ಹೆಸರನ್ನೂ ಸೇರಿಸಬೇಕು. ತೋರಿಸಿದ ದಾರಿಯನ್ನು ಒಮ್ಮೆ ದೊಡ್ಡದಾಗಿ ಬಿಡಿಸಿ, ಅದು ಯಾವ ಊರುಗಳ ಮೇಲೆ ಹೋಗುತ್ತದೆ, ಎಲ್ಲಿ ನೀರನ್ನು ದಾಟುತ್ತದೆ ಎಂದು ಮೊದಲೇ ನೋಡಿಕೊಳ್ಳಬೇಕು. ಹೆದ್ದಾರಿಯನ್ನು ಬಿಟ್ಟು ಐದು ನಿಮಿಷದ ಉಳಿತಾಯಕ್ಕೆ ಕಿರಿದಾದ ಹಾದಿಗೆ ಇಳಿಸಿದರೆ, ಅದರಲ್ಲಿಯೂ ರಾತ್ರಿ, ಮಳೆಯಲ್ಲಿ, ತಂದೆಗೆ "ಬೇಡ ಅಪ್ಪಾ, ನೇರವಾಗಿಯೇ ಹೋಗೋಣ" ಎನ್ನಬೇಕು. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ಅದರ ಆಳವನ್ನು ಹೇಳುವ ಶಕ್ತಿ ಫೋನಿಗಿಲ್ಲ. ಗಾಡಿಯನ್ನು ನಿಲ್ಲಿಸುವುದೊಂದೇ ಮಾರ್ಗ. ಅರಳೀಕಟ್ಟೆಗಳು ಈಗಲೂ ಇವೆ, ಅಲ್ಲಿ ಕೂರುವವರೂ ಇದ್ದಾರೆ.

ನಕ್ಷೆಯನ್ನು ತಿದ್ದುವ ಅಧಿಕಾರ ದೊಡ್ಡ ಸಂಸ್ಥೆಗಳಿಗೆ ಮಾತ್ರ ಇದೆಯೆಂದು ಭಾವಿಸಬಾರದು. 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ಜಗದ್ವ್ಯಾಪಿ ನಕ್ಷೆಯನ್ನು ಬರೆಯುತ್ತಿರುವವರು ಸಾಮಾನ್ಯ ಜನರೇ. ಅದರಲ್ಲಿ ಊರಿನ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಯಲು ಪ್ರತ್ಯೇಕ ಸ್ಥಳವಿದೆ. ಹಾದಿಯು ಮಣ್ಣಿನದೋ ಡಾಂಬರಿನದೋ ಎಂದು ಗುರುತಿಸಬಹುದು. ರಸ್ತೆಯ ಮೇಲೆ ನೀರು ಹಾಯುವ ಜಾಗಕ್ಕೂ ಬೇರೊಂದು ಗುರುತಿದೆ. ಮಿಡಿಗೇಶಿಯ ಅಥವಾ ಗೊರವನಹಳ್ಳಿಯ ಸುತ್ತಲಿನ ಪ್ರೌಢಶಾಲೆಯ ನಾಲ್ಕು ಮಂದಿ ಹುಡುಗರು ಒಂದು ರಜೆಯ ದಿನ ತಮ್ಮ ಊರಿನ ಏರಿ, ಕೋಡಿ, ಹಳ್ಳಗಳ ಮೇಲೆ ನಡೆದು ಆ ಗುರುತುಗಳನ್ನು ಹಾಕಿಬರಬಹುದು.