ಮಲ್ಲಿಗೆಗೆ ವಸಂತ ತಿಳಿಯುವುದು ಹೇಗೆ?

ಮಾರ್ಚ್ ಬಂತೆಂದರೆ ಬಯಲುಸೀಮೆಯ ಹಿತ್ತಲುಗಳಲ್ಲಿ ಬಾವಿಯ ನೀರು ಪಾತಾಳಕ್ಕಿಳಿದಿರುತ್ತದೆ, ನೆಲ ಬಿರಿದಿರುತ್ತದೆ. ಹೂ ಬಿಡುವುದಕ್ಕೆ ಗಿಡಗಳು ಆರಿಸಿಕೊಳ್ಳುವುದು ಈ ಕಾಲವನ್ನೇ. ಬೇವು, ಹೊಂಗೆ ನೆತ್ತಿತುಂಬ ಹೂ ಹೊತ್ತು ನಿಲ್ಲುತ್ತವೆ. ಚಳಿಗಾಲವಿಡೀ ಮೋಟಾಗಿದ್ದ ಮಲ್ಲಿಗೆಯ ತುಂಬ ಮೊಗ್ಗು. ಕಾಲ ಬಂತೆಂದು ಇವಕ್ಕೆ ತಿಳಿಸಿದವರು ಯಾರು?

ಹಗಲಿನ ಉದ್ದ ಎನ್ನುತ್ತವೆ ಪಠ್ಯಪುಸ್ತಕಗಳು. ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು 1920ರಲ್ಲಿ ಇದನ್ನು ತಂಬಾಕು, ಸೋಯಾ ಗಿಡಗಳಲ್ಲಿ ತೋರಿಸಿಕೊಟ್ಟರು. ಲಂಡನ್ನಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಎಂಟೂವರೆ ಗಂಟೆಗೂ ಮಿಕ್ಕ ಅಂತರವಿದೆ. ಬೆಂಗಳೂರಿನಲ್ಲಿ ಅದು ಸುಮಾರು ಒಂದೂವರೆ ಗಂಟೆ. ಅಷ್ಟನ್ನೂ ಗುರುತಿಸುವ ಗಿಡಗಳುಂಟು, ನಿಜ. ಆದರೆ ನಮ್ಮ ಕಡೆ ಚಳಿ ಮತ್ತು ಬಾಯಾರಿಕೆಯ ಮಾತೂ ಬಲವಾಗಿ ನಡೆಯುತ್ತದೆ. ಮಾವಿಗೆ ಹೂ ಕಟ್ಟಲು ತಂಪು ರಾತ್ರಿಗಳು ಬೇಕು. ಕೊಡಗಿನ ಕಾಫಿ ಗಿಡ ಬೇಸಿಗೆಯ ಒಣಹವೆಯಲ್ಲಿ ಮೊಗ್ಗು ಬಿಗಿಹಿಡಿದು ಕಾಯುತ್ತದೆ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ.

ಮಲ್ಲಿಗೆಯಲ್ಲಿ ಬೆಳೆಸುವವರ ಪಾಲೂ ದೊಡ್ಡದು. ಮಾಗಿಯಲ್ಲಿ ನೀರು ನಿಲ್ಲಿಸಿ, ಗಿಡವನ್ನು ಮಂಡಿಯೆತ್ತರಕ್ಕೆ ಸವರಿ, ಆಮೇಲೆ ಪಾತಿ ಬಿಡಿಸಿ, ಸಗಣಿ ಗೊಬ್ಬರ ಹಾಕಿ ನೀರು ಕೊಡುವುದು ಹೂ ಬೆಳೆಗಾರರ ರೂಢಿ. ನೋಡುವವರಿಗೆ ನಿರ್ದಯವೆನಿಸಬಹುದು, ಆದರೆ ಅದರಲ್ಲಿ ಅಪ್ಪಟ ಸಸ್ಯವಿಜ್ಞಾನವಿದೆ. ಕುಡಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಕೊಂಬೆಯ ಕೆಳಗಿನ ಕಣ್ಣುಗಳನ್ನು ಚಿಗುರಲು ಬಿಡುವುದಿಲ್ಲ. ಕುಡಿ ಕತ್ತರಿಸಿದರೆ ಆ ತಡೆ ತಪ್ಪುತ್ತದೆ, ಒಂದಿದ್ದ ಕಡೆ ನಾಲ್ಕಾರು ಚಿಗುರು ಒಡೆಯುತ್ತವೆ. ಮಲ್ಲಿಗೆ ಮೊಗ್ಗು ಬಿಡುವುದು ಹೊಸ ಚಿಗುರಿನಲ್ಲೇ. ಹೀಗಾಗಿ ಚಿಗುರು ಹೆಚ್ಚಿದಷ್ಟೂ ಹೂವು ಹೆಚ್ಚು.

ನನಗೆ ಇದಕ್ಕಿಂತ ದೊಡ್ಡ ಬೆರಗು ಅದರ ಪರಿಮಳ. ಮಧ್ಯಾಹ್ನದ ಮೊಗ್ಗನ್ನು ಮೂಸಿ ನೋಡಿ, ಹೇಳಿಕೊಳ್ಳುವಂಥ ಘಮವಿಲ್ಲ. ಬೆಂಜೈಲ್ ಅಸಿಟೇಟ್, ಲಿನಲೂಲ್, ಇಂಡೋಲ್ ಮುಂತಾದ ವಸ್ತುಗಳು ಗಾಳಿಗೆ ಸೇರುವುದು ಹೂ ಬಿರಿಯುವಾಗಲೇ. ಲಿನಲೂಲ್‌ನ ಒಂದು ಪಾಲು ಮೊಗ್ಗಿನೊಳಗೆ ಸಕ್ಕರೆಗೆ ಅಂಟಿಕೊಂಡು ವಾಸನೆಯಿಲ್ಲದೆ ಕುಳಿತಿರುತ್ತದೆ. ಅರಳುವ ಹೊತ್ತಿಗೆ ಕಿಣ್ವವೊಂದು ಆ ಬೆಸುಗೆ ಬಿಡಿಸುತ್ತದೆ. ಗಿಡದಿಂದ ಬಿಡಿಸಿದ ಮೇಲೂ ಈ ಕೆಲಸ ನಿಲ್ಲುವುದಿಲ್ಲ. ಬೆಳಿಗ್ಗೆ ಕಿತ್ತು ಕಟ್ಟಿದ ಮೊಗ್ಗಿನ ದಂಡೆ ಸಂಜೆ ಮುಡಿಯಲ್ಲಿ ಅರಳಿ ಮನೆಯೆಲ್ಲ ಘಮಘಮಿಸುವುದು ಅದರಿಂದಲೇ.

ಮಲ್ಲಿಗೆಯ ಎಣ್ಣೆಯಲ್ಲಿ 1962ರಲ್ಲಿ ಮೀಥೈಲ್ ಜಾಸ್ಮೊನೇಟ್ ಎಂಬ ವಸ್ತು ಸಿಕ್ಕಿತು. ಬಹುಕಾಲ ಅದನ್ನು ಸುಗಂಧವೆಂದೇ ಎಣಿಸಿದ್ದರು. 1990ರಲ್ಲಿ ಫಾರ್ಮರ್ ಮತ್ತು ರಯಾನ್ ಎಂಬ ವಿಜ್ಞಾನಿಗಳು ಬೇರೆಯದೇ ಸಂಗತಿ ಕಂಡರು: ಒಂದು ಗಿಡ ಗಾಳಿಗೆ ಬಿಟ್ಟ ಇದೇ ವಸ್ತು ಪಕ್ಕದ ಟೊಮೆಟೊ ಗಿಡಕ್ಕೆ ತಗುಲಿ, ಹುಳುಗಳ ಜೀರ್ಣಶಕ್ತಿ ಕುಂದಿಸುವ ಪ್ರೋಟೀನನ್ನು ಅದರ ಎಲೆಗಳು ತಯಾರಿಸತೊಡಗಿದವು. ನಾವು ಮುಡಿಯುವ ಹೂವಿನ ಘಮದಲ್ಲಿ ಗಿಡಗಳ ಎಚ್ಚರಿಕೆಯ ಸಂದೇಶವೂ ಸೇರಿದೆ!

ಬಿಳಿ ಬಣ್ಣ, ಇರುಳಿನ ಪರಿಮಳ ಎರಡೂ ಪತಂಗಗಳನ್ನು ಕರೆಯುವ ಹೂಗಳ ಲಕ್ಷಣ. ಆದರೆ ಸುತ್ತುಸುತ್ತಾಗಿ ಎಸಳು ತುಂಬಿದ ದುಂಡುಮಲ್ಲಿಗೆ ಕಾಯಿ ಕಟ್ಟುವುದೇ ಅಪರೂಪ. ಅದರ ವಂಶ ಮುಂದುವರಿದಿರುವುದು ಕಡ್ಡಿಯಿಂದ. ಮೈಸೂರು, ಉಡುಪಿ, ಹಡಗಲಿ ಮಲ್ಲಿಗೆಗಳಿಗೆ ಇಂದು ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಅವನ್ನು ಉಳಿಸಿಕೊಂಡು ಬಂದವರು ಹಿತ್ತಲಿನಿಂದ ಹಿತ್ತಲಿಗೆ ಕಡ್ಡಿ ದಾಟಿಸಿದ ಜನ.

ಗಿಡ ಸೊಂಪಾಗಿದೆ, ಹೂವೇ ಇಲ್ಲ ಎಂದು ಕೊರಗುವವರು ಮೊದಲು ಬಿಸಿಲು ನೋಡಿ. ಅರ್ಧ ದಿನವಾದರೂ ನೇರ ಬಿಸಿಲು ಬೀಳದ ಕಡೆ ಮಲ್ಲಿಗೆ ಬರೀ ಎಲೆ ಬಿಡುತ್ತದೆ. ಯೂರಿಯಾ ಸುರಿದರೂ ಅದೇ ಪಾಡು. ಬರುವ ಮಾಗಿಯಲ್ಲಿ ನೀರು ತಗ್ಗಿಸಿ, ಧೈರ್ಯವಾಗಿ ಸವರಿ. ಮಳೆ ಹಿಡಿದ ಮೇಲೆ ಒಂದೆರಡು ಕಡ್ಡಿ ಪಕ್ಕದ ಮನೆಯವರಿಗೂ ಕೊಡಿ.