ಅಂಗೈಯ ಮೇಲಿನ ರಣರಂಗ

ಮುಂಬಯಿಯ ಲೋಕಲ್ ಗಾಡಿಗಳಲ್ಲಿಯೂ ಉಪನಗರಗಳ ಚಾಳುಗಳ ಮೆಟ್ಟಿಲುಗಳ ಮೇಲೆಯೂ ಬಾಲಕರು ತಲೆ ಬಾಗಿಸಿ ಮೊಬೈಲಿನ ಪರದೆಯಲ್ಲಿ ಯುದ್ಧ ಹೂಡಿರುವುದನ್ನು ನಾವು ನಿತ್ಯವೂ ಕಾಣುತ್ತೇವೆ. ಹಿರಿಯರು ಅದನ್ನು ಕಾಲಹರಣವೆಂದು ಜರೆಯುತ್ತಾರೆ. ಕಿರಿಯರು ಅದರ ಹೊರತು ಅನ್ಯ ಲೋಕವೇ ಇಲ್ಲವೆಂಬಂತೆ ಮಗ್ನರಾಗಿರುತ್ತಾರೆ. ಆ ಆಟದೊಳಗೆ ಇರುವುದೇನು, ಅದು ಕಥೆಯನ್ನು ಹೇಳುವ ರೀತಿ ಯಾವುದು ಎಂಬುದನ್ನು ಉಭಯರೂ ವಿಚಾರಿಸಿದಂತೆ ತೋರುವುದಿಲ್ಲ. ಕಾವ್ಯವನ್ನು ಓದುವಂತೆ ಆಟವನ್ನೂ ಓದಬಹುದೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಬೇಕಾದ ಕೆಲವು ವಿಷಯಗಳನ್ನು ಇಲ್ಲಿ ನಿರೂಪಿಸುತ್ತೇವೆ.

ವ್ಯಾಕರಣವನ್ನು ಕಲಿತವರಿಗೆ ಪುರುಷಗಳು ಮೂರೆಂಬುದು ತಿಳಿದೇ ಇದೆ. ಸೈನಿಕ ಆಟಗಳಲ್ಲಿಯೂ ಈ ಬಗೆಯ ವಿಭಾಗವುಂಟು. ಬಂದೂಕನ್ನು ಹಿಡಿದ ಕೈಗಳು ಮಾತ್ರ ಪರದೆಯಲ್ಲಿ ಕಂಡು, ಆಟಗಾರನ ಕಣ್ಣೇ ಯೋಧನ ಕಣ್ಣಾದರೆ ಅದು ಉತ್ತಮ ಪುರುಷದ ಆಟ. ಅಲ್ಲಿ 'ನಾನು ಹೊಡೆದೆನು'. ಯೋಧನ ಇಡೀ ಆಕೃತಿಯನ್ನು ಹೊರಗಿನಿಂದ ನೋಡುತ್ತ ಅವನನ್ನು ನಡೆಸುವಂತಿದ್ದರೆ ಅದು ಪ್ರಥಮ ಪುರುಷದ ಆಟ; ಅಲ್ಲಿ 'ಅವನು ಹೊಡೆದನು'. ಮೊದಲನೆಯ ರೀತಿಯನ್ನು ಜಗತ್ತಿನಲ್ಲೆಲ್ಲ ಪ್ರಸಿದ್ಧಿಗೆ ತಂದುದು 1993ರಲ್ಲಿ ಅಮೆರಿಕೆಯಲ್ಲಿ ಹೊರಬಂದ 'ಡೂಮ್'. ಚಲಚ್ಚಿತ್ರ ನಿರ್ದೇಶಕ ಸ್ಟೀವನ್ ಸ್ಪಿಲ್‌ಬರ್ಗರ ಕಲ್ಪನೆಯಿಂದ ಮೂಡಿದ 1999ರ 'ಮೆಡಲ್ ಆಫ್ ಆನರ್' ಎರಡನೆಯ ಮಹಾಯುದ್ಧವನ್ನು ವಸ್ತುವಾಗಿ ಆರಿಸಿಕೊಂಡಿತು. 2003ರಲ್ಲಿ ಬಂದ 'ಕಾಲ್ ಆಫ್ ಡ್ಯೂಟಿ' ಅದೇ ಹಾದಿಯನ್ನು ಹಿಡಿಯಿತು.

ಕಥೆಯ ಹಂಗೇ ಇಲ್ಲದ ಆಟಗಳೂ ಉಂಟು. ನಮ್ಮ ಹುಡುಗರ ಬಾಯಲ್ಲಿ 'ಪಬ್‌ಜಿ' ಎನಿಸಿಕೊಂಡ ಆಟದಲ್ಲಿ ನೂರು ಜನರು ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕುತ್ತಾರೆ. ಸುತ್ತಣ ವಲಯವು ಕಿರಿದಾಗುತ್ತ ಬರುತ್ತದೆ. ಕೊನೆಗೆ ಉಳಿದವನೇ ವಿಜಯಿ. ಯಾರು ಯಾರೊಡನೆ ಏಕೆ ಕಾದುತ್ತಾರೆಂಬ ಪ್ರಶ್ನೆಗೆ ಅಲ್ಲಿ ಎಡೆಯಿಲ್ಲ. 2020ರ ಸೆಪ್ಟೆಂಬರ್ 2ರಂದು ಭಾರತ ಸರಕಾರವು 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಇದೂ ಆ ಪಟ್ಟಿಯಲ್ಲಿತ್ತು. ಎರಡೇ ದಿನಗಳ ತರುವಾಯ ಚಿತ್ರನಟ ಅಕ್ಷಯ್ ಕುಮಾರರು 'ಫೌ-ಜಿ' ಎಂಬ ಸ್ವದೇಶೀ ಆಟವನ್ನು ಘೋಷಿಸಿದರು. ಅದನ್ನು ನಿರ್ಮಿಸಿದುದು ಬೆಂಗಳೂರಿನ ಎನ್‌ಕೋರ್ ಗೇಮ್ಸ್. ಅದರ ಸ್ಥಾಪಕರಲ್ಲೊಬ್ಬರಾದ ವಿಶಾಲ್ ಗೊಂಡಲರು 1999ರಲ್ಲಿ ನಮ್ಮ ಮುಂಬಯಿಯಲ್ಲಿಯೇ ಇಂಡಿಯಾಗೇಮ್ಸ್ ಎಂಬ ಸಂಸ್ಥೆಯನ್ನು ಕಟ್ಟಿದವರು. 2021ರ ಗಣರಾಜ್ಯ ದಿನದಂದು ಆಟವು ಬಿಡುಗಡೆಯಾಯಿತು. ನಿವ್ವಳ ವರಮಾನದಲ್ಲಿ ಶೇಕಡಾ 20ನ್ನು ಯೋಧರ ಕುಟುಂಬಗಳಿಗೆ ನೆರವಾಗುವ 'ಭಾರತ್ ಕೇ ವೀರ್' ನಿಧಿಗೆ ಸಲ್ಲಿಸುವುದಾಗಿಯೂ ಸಾರಲಾಗಿತ್ತು.

ಈ ಆಟದ ಮೊದಲ ಕಥಾಭಾಗಕ್ಕೆ ಗಲ್ವಾನ್ ಕಣಿವೆಯೇ ರಂಗಸ್ಥಳ. ಸಂಗಡಿಗರಿಂದ ಅಗಲಿದ ಭಾರತೀಯ ಯೋಧನೊಬ್ಬನು ಹಿಮಾವೃತ ಬೆಟ್ಟಗಳ ನಡುವೆ ಶತ್ರುಗಳನ್ನು ಎದುರಿಸುತ್ತ ಮುಂದುವರಿಯುತ್ತಾನೆ. ಇದು ಪ್ರಥಮ ಪುರುಷದ ಆಟ. ವಿಶೇಷವೇನೆಂದರೆ, ಇಲ್ಲಿ ಅವನ ಕೈಯಲ್ಲಿ ಬಂದೂಕಿಲ್ಲ! ಮುಷ್ಟಿ, ದೊಣ್ಣೆ, ಶತ್ರುವಿನಿಂದ ದೊರೆತ ಮುಳ್ಳುಗದೆ, ಇವಿಷ್ಟೇ ಆಯುಧಗಳು. ಒಂದು ಗುಂಡಿಯಿಂದ ಹೊಡೆತ, ಮತ್ತೊಂದರಿಂದ ತಡೆ. ಒಂದು ತಂಡ ಉರುಳಿದೊಡನೆ ಇನ್ನೊಂದು ತಂಡ ಬರುತ್ತದೆ.

"ಸೈನಿಕನಿಗೆ ಬಂದೂಕನ್ನೇಕೆ ಕೊಟ್ಟಿಲ್ಲ, ಸರ್?" ಎಂದು ವಿದ್ಯಾರ್ಥಿಗಳು ನಮ್ಮನ್ನು ಕೇಳುವುದುಂಟು. ಇದು ಆಟ ಮಾಡಿದವರ ಜಿಪುಣತನವಲ್ಲ. ಇದರ ಹಿಂದೆ ಚರಿತ್ರೆಯಿದೆ. ವಾಸ್ತವ ನಿಯಂತ್ರಣ ರೇಖೆಯಿಂದ ಎರಡು ಕಿಲೋಮೀಟರುಗಳ ಒಳಗೆ ಯಾರೂ ಗುಂಡು ಹಾರಿಸತಕ್ಕದ್ದಲ್ಲವೆಂದು 1996ರಲ್ಲಿ ಭಾರತ ಚೀನಗಳು ಒಪ್ಪಂದ ಮಾಡಿಕೊಂಡಿದ್ದುವು. ಆದುದರಿಂದಲೇ 2020ರ ಜೂನ್ 15ರ ರಾತ್ರಿ, ಸುಮಾರು 14,000 ಅಡಿ ಎತ್ತರದ ಆ ಕಣಿವೆಯಲ್ಲಿ ನಡೆದ ಘರ್ಷಣೆಯು ಕಲ್ಲು, ಕಬ್ಬಿಣದ ಸಲಾಕೆ, ಮೊಳೆ ಬಡಿದ ದೊಣ್ಣೆಗಳಿಂದ ನಡೆಯಿತು. ಕರ್ನಲ್ ಸಂತೋಷ್ ಬಾಬು ಅವರನ್ನೊಳಗೊಂಡು ನಮ್ಮ 20 ಮಂದಿ ಯೋಧರು ಮಡಿದರು. ತನ್ನ ಪಕ್ಷದಲ್ಲಿ ನಾಲ್ವರು ಸತ್ತರೆಂದು ಚೀನವು 2021ರ ಫೆಬ್ರವರಿಯಲ್ಲಿ ಒಪ್ಪಿಕೊಂಡಿತು. ಹೀಗೆ ಆಟದ ನಿಯಮವೊಂದು ಎರಡು ರಾಷ್ಟ್ರಗಳ ಕರಾರನ್ನು ಬಾಲಕನ ಬೆರಳಿಗೆ ಮುಟ್ಟಿಸುತ್ತದೆ. ಪಾಠದಿಂದ ತಿಳಿಯದುದು ಬರಿಗೈಯಲ್ಲಿ ಸೆಣಸುವಾಗ ತಿಳಿಯಬಹುದು. ಕ್ರೀಡಾಕ್ರಮವೇ ಕಥೆಯನ್ನು ಹೇಳುವುದೆಂದರೆ ಇದೇ.

ಆದರೆ ಅದೇ ಕ್ರೀಡಾಕ್ರಮವು ಸುಳ್ಳನ್ನೂ ಹೇಳಬಲ್ಲದು. ಈ ಆಟದಲ್ಲಿ ಗಾಯಗೊಂಡ ಯೋಧನು ದಾರಿಯಲ್ಲಿ ಉರಿಯುವ ಬೆಂಕಿಯ ಬಳಿ ಕೊಂಚ ಹೊತ್ತು ಕುಳಿತರೆ ಸಾಕು, ಅವನ ಪ್ರಾಣಶಕ್ತಿ ಮರಳಿ ತುಂಬುತ್ತದೆ. ಒಂದು ವೇಳೆ ಸತ್ತರೂ ಮತ್ತೆ ಎದ್ದು ಆಡಬಹುದು. ನಿಜವಾದ ಗಲ್ವಾನಿನಲ್ಲಿ ಆದುದೇನು? ತೀವ್ರವಾಗಿ ಗಾಯಗೊಂಡು, ಶೂನ್ಯಕ್ಕಿಂತ ಕೆಳಗಿಳಿದ ಚಳಿಗೆ ಈಡಾಗಿ 17 ಮಂದಿ ಕೊನೆಯುಸಿರೆಳೆದರೆಂದು ನಮ್ಮ ಸೇನೆಯೇ ಪ್ರಕಟಿಸಿತು. ಅವರ ಪಾಲಿಗೆ ಆ ಬೆಂಕಿ ಎಲ್ಲಿತ್ತು? ಆಟಕ್ಕೆ ಬೆಂಕಿ ಬೇಕು, ಇಲ್ಲವಾದರೆ ಆಡುವವನು ಬೇಸತ್ತು ಬಿಟ್ಟುಬಿಡುತ್ತಾನೆ. ಇದನ್ನು ನಾವು ಬಲ್ಲೆವು. ಆದರೂ ಆ ಬೆಂಕಿಯ ಮುಂದೆ ಕುಳಿತಾಗ ಆ ಹದಿನೇಳು ಮಂದಿಯನ್ನು ನೆನೆಯದ ಆಟಗಾರನು ಯುದ್ಧವನ್ನು ಅರಿತಂತಾಗಲಿಲ್ಲ.

ಇನ್ನೊಂದು ಕೊರತೆ ಶತ್ರುವಿನ ಚಿತ್ರಣದಲ್ಲಿದೆ. ಬರುವವರೆಲ್ಲ ಒಂದೇ ಅಚ್ಚಿನವರು. ಅವರಿಗೆ ಹೆಸರಿಲ್ಲ, ಊರಿಲ್ಲ, ತಾಯಿಯಿಲ್ಲ. ಈ ಎಡೆಯಲ್ಲಿ ನಮ್ಮ ರನ್ನನು ನೆನಪಾಗುತ್ತಾನೆ. ಅವನ 'ಗದಾಯುದ್ಧ'ವೂ ಸಮರದ ಕಥೆಯೇ, ಅಲ್ಲಿಯೂ ಗದೆಯ ಹೊಡೆತವೇ. ಆದರೆ ರನ್ನನು ಯುದ್ಧದ ಅಂತ್ಯದಲ್ಲಿ ನಿಂತು ಸಿಂಹಾವಲೋಕನ ಕ್ರಮದಿಂದ ಹಿಂದಿನದನ್ನೆಲ್ಲ ಕಾಣಿಸುತ್ತಾನೆ. ದುರ್ಯೋಧನನನ್ನು ಹೆಣಗಳ ನಡುವೆ ನಡೆಸುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ಶವದ ಮುಂದೆ ನಿಂತು ದುರ್ಯೋಧನನು ಅವನ ಸಾಹಸವನ್ನು ಕೊಂಡಾಡುತ್ತಾನೆ. ಸಾವಿರ ವರ್ಷಗಳ ಹಿಂದೆ ಕನ್ನಡ ಕವಿಯು ಶತ್ರುವಿಗೆ ಕೊಟ್ಟ ಮುಖವನ್ನು ಇಂದಿನ ಆಟವು ಕೊಡಲಾರದೆ ಹೋಯಿತು. 2021ರ ಜೂನ್ ತಿಂಗಳಲ್ಲಿ ಇದೇ ಆಟಕ್ಕೆ ತಂಡಗಳು ಪರಸ್ಪರ ಕಾದುವ ಭಾಗವೊಂದು ಸೇರಿತು. ಅದರೊಡನೆ ಬಂದೂಕೂ ಬಂದಿತು, ಕಥೆ ಹಿಂದೆ ಸರಿಯಿತು.

ಆಟದಿಂದ ಇದು ಅಸಾಧ್ಯವೇ ಎಂದರೆ, ಅಲ್ಲ. 2012ರಲ್ಲಿ ಹೊರಬಂದ 'ಸ್ಪೆಕ್ ಆಪ್ಸ್: ದಿ ಲೈನ್' ಎಂಬ ಜರ್ಮನ್ ನಿರ್ಮಿತಿಯಲ್ಲಿ, ಆಟಗಾರನು ಶತ್ರುಗಳೆಂದು ಬಗೆದು ಉರಿಯುವ ರಂಜಕವನ್ನು ಸುರಿಸಿದ ಬಳಿಕ, ಸತ್ತವರಲ್ಲಿ ಆಶ್ರಯ ಬೇಡಿ ನಿಂತ ನಾಗರಿಕರೂ ಇದ್ದರೆಂದು ಕಂಡುಕೊಳ್ಳುತ್ತಾನೆ. ಪೋಲೆಂಡಿನವರು 2014ರಲ್ಲಿ ರಚಿಸಿದ 'ದಿಸ್ ವಾರ್ ಆಫ್ ಮೈನ್' ಆಟದಲ್ಲಿ ನಾವು ಸೈನಿಕರೇ ಅಲ್ಲ. ಮುತ್ತಿಗೆಗೆ ಸಿಲುಕಿದ ನಗರದಲ್ಲಿ ಅನ್ನ ಔಷಧಗಳಿಗಾಗಿ ಪರದಾಡುವ ಸಾಮಾನ್ಯರು. ಆ ದೇಶದ ಸರಕಾರವು 2020ರಲ್ಲಿ ಅದನ್ನು ಶಾಲೆಗಳ ಶಿಫಾರಸು ಮಾಡಿದ ಪಠ್ಯಗಳ ಪಟ್ಟಿಗೆ ಸೇರಿಸುವುದಾಗಿ ಪ್ರಕಟಿಸಿತು. ಹದಿನೆಂಟು ತುಂಬಿದವರಿಗೆ ಮಾತ್ರವೆಂಬ ನಿಬಂಧನೆಯನ್ನೂ ಹಾಕಿತು. ಪುಸ್ತಕದ ಪಕ್ಕದಲ್ಲಿ ಆಟಕ್ಕೂ ಸ್ಥಾನ ದೊರೆತ ಈ ಸಂಗತಿ ಗಮನಾರ್ಹವಾದುದು.

ಪ್ರಿಯ ವಿದ್ಯಾರ್ಥಿಗಳೇ, ಆಡಬೇಡಿರೆಂದು ನಾವು ಹೇಳುವುದಿಲ್ಲ. ಹೇಳಿದರೆ ನೀವು ಕೇಳುವವರೂ ಅಲ್ಲ. ಓದು, ನಿದ್ರೆ, ಕಣ್ಣುಗಳಿಗೆ ಕುಂದು ತಾರದಷ್ಟು ಮಾತ್ರ ಆಡಿರಿ. ಆಡುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ: ಈ ಕಥೆಯನ್ನು ಹೇಳುತ್ತಿರುವವರು ಯಾರು? ಈ ನಿಯಮವನ್ನು ಏಕೆ ಇಟ್ಟಿದ್ದಾರೆ? ಬಿದ್ದವನು ಯಾರು? ಮನೆಯ ಹಿರಿಯರೂ ಒಮ್ಮೆ ಮಕ್ಕಳ ಪಕ್ಕದಲ್ಲಿ ಕುಳಿತು ಆ ಪರದೆಯನ್ನು ನೋಡಲಿ. ಪಂಪ ರನ್ನರನ್ನು ಓದುವಾಗ ಈ ಪ್ರಶ್ನೆಗಳನ್ನು ತರಗತಿಯಲ್ಲಿ ಕೇಳುತ್ತೇವೆ. ಅಂಗೈಯಲ್ಲಿರುವ ರಣರಂಗಕ್ಕೂ ಅವು ಸಲ್ಲುತ್ತವೆ.